ಎಡಗೈ ಹಿಂದುಳಿದಾಗ

ಯಾರಾದರೂ ಕೆಟ್ಟದಾಗಿ ವಾದ್ಯ ನುಡಿಸುವಾಗ ಎದುರು ಕುಳಿತವನು ತನ್ನ ಮುಖವನ್ನು ಏನು ಮಾಡಬೇಕೆಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಕಣ್ಣು ಮುಚ್ಚಿದರೆ, ತನ್ಮಯನಾಗಿದ್ದಾನೆಂದುಕೊಂಡು ಮತ್ತೊಮ್ಮೆ ನುಡಿಸುತ್ತಾರೆ. ತೆರೆದಿದ್ದರೆ ಕಣ್ಣೇ ಸತ್ಯ ಹೇಳಿಬಿಡುತ್ತದೆ. ಕೊನೆಗೆ ನಾನು ಕಂಡುಕೊಂಡ ಉಪಾಯವೆಂದರೆ ವಾದ್ಯವನ್ನು ಹೊಗಳುವುದು. "ಸೌಂಡು ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದ್ದು ಇಷ್ಟಕ್ಕಾದರೂ ಒದಗಿತು.

ಆದರೆ ಗುರುಸಿದ್ದಣ್ಣನ ಮುಂದೆ ಈ ಉಪಾಯ ನಡೆಯುವುದಿಲ್ಲ. ಅವರು ನುಡಿಸುವ ಕೀಬೋರ್ಡು ನನ್ನ ಹೆಂಡತಿ ನಳಿನಿಯದು.

ಗುರುಸಿದ್ದಣ್ಣ ತಿಪಟೂರಿನಲ್ಲಿ ನಮ್ಮ ಪಕ್ಕದ ಮನೆಯವರು, ಕೊಬ್ಬರಿ ವ್ಯಾಪಾರಿ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಒಳಗೆ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳಬಲ್ಲವರು. ಅಂಥ ಕಿವಿಯಿದ್ದೂ, ಐವತ್ತು ದಾಟಿದ ಮೇಲೆ ನಳಿನಿಯ ಬಳಿ ಪಾಠಕ್ಕೆ ಬಂದು, ಅವಳು ಸಂಜೆ ತನಗಾಗಿ ನುಡಿಸಿಕೊಳ್ಳುತ್ತಿದ್ದ ಕಷ್ಟದ ಪಿಯಾನೋ ಕೃತಿಯೇ ಬೇಕೆಂದು ಹಟ ಹಿಡಿದರು. ಅವಳು ತೀರಿಕೊಂಡ ಮೇಲೆ ಕೀಬೋರ್ಡನ್ನು ನಾನೇ ಅವರಿಗೆ ಕೊಟ್ಟೆ. ಅದು ಮನೆಯಲ್ಲಿ ಸುಮ್ಮನೆ ಬಿದ್ದಿರುವುದನ್ನು ನೋಡಲಾಗುತ್ತಿರಲಿಲ್ಲ.

ಈಗ ದಿನಾ ಸಂಜೆ ಗೋಡೆಯಾಚೆಯಿಂದ ಅದೇ ಕೃತಿ. ಬಲಗೈ ಮುಂದೆ ಹೊರಟುಹೋಗುತ್ತದೆ. ಎಡಗೈ ತುರುವೇಕೆರೆ ಬಸ್ಸು ತಪ್ಪಿಸಿಕೊಂಡವರ ಹಾಗೆ ಹಿಂದಿನಿಂದ ಓಡಿಬರುತ್ತದೆ. ನಡುವೆ ಒಂದು ಕಡೆ ಎರಡೂ ನಿಂತುಬಿಡುತ್ತವೆ. ನಗಬಹುದಿತ್ತು. ಆದರೆ ನಳಿನಿ ನುಡಿಸಿದ್ದನ್ನು ನಾವು ಯಾವತ್ತೂ ರೆಕಾರ್ಡ್ ಮಾಡಲಿಲ್ಲ. ಅದು ಉಳಿದಿರುವುದು ನನ್ನ ತಲೆಯಲ್ಲಿ ಮಾತ್ರ, ಆ ತಲೆಯ ಮೇಲೆ ನನಗೆ ಭರವಸೆಯಿಲ್ಲ. ಕಾಲೇಜಿನಲ್ಲಿ ನೆನಪಿನ ಬಗ್ಗೆ ಒಂದು ಒಳ್ಳೆಯ ಪಾಠ ಕೇಳಿದ್ದೆ. ಅದರಲ್ಲಿ ಏನಿತ್ತೆಂಬುದು ನೆನಪಿಲ್ಲ. ಇತ್ತೀಚೆಗೆ ಅವಳ ಸಂಗೀತವನ್ನು ನೆನೆಯಲು ಕುಳಿತರೆ ಒಳಗೂ ಗುರುಸಿದ್ದಣ್ಣನೇ ನುಡಿಸುತ್ತಾರೆ.

ಮೊನ್ನೆ ತಡೆಯಲಾರದೆ ಹೋಗಿ ಹೇಳಿಯೇಬಿಟ್ಟೆ: "ಗುರುಸಿದ್ದಣ್ಣ, ಬೇರೆ ಏನಾದ್ರೂ ನುಡಿಸ್ಬಾರ್ದಾ? ನೀವು ಕೆಡಿಸಿದ್ದೇ ತಲೇಲಿ ಕೂತು, ಅವಳದು ಮರೆತೇ ಹೋಗ್ತಿದೆ."

ಅವರು ಬೇಸರ ಮಾಡಿಕೊಳ್ಳಲಿಲ್ಲ. "ನನ್ ಎಡಗೈ ಮೂಟೆ ಎತ್ತೋಕೇ ಸರಿ ಕಣ್ರೀ ಮೇಷ್ಟ್ರೇ, ಒಪ್ಕತೀನಿ. ಆದ್ರೆ ಆ ನಡುವೆ ನಿಲ್ಲೋದು ನಂದಲ್ಲ. ಅಲ್ಲಿಗ್ ಬಂದಾಗೆಲ್ಲ ಮೇಡಮ್ಮೂ ನಿಲ್ತಿದ್ರು."

"ಅವಳಾ? ಸಾಧ್ಯವೇ ಇಲ್ಲ."

"ನಿಲ್ತಿದ್ರು ಕಣ್ರೀ. ಬೆರಳು ಎಟುಕ್ತಿರ್ಲಿಲ್ಲ. 'ಥೂ, ಹಾಳಾದ್ದು' ಅಂದು ಮತ್ತೆ ಹಿಡೀತಿದ್ರು. ನಾನು ಅದೂ ಪಾಠವೇ ಅಂದ್ಕಂಡು ಕಲ್ತೆ."

"ಬೈಗುಳಾನೂ ಕಲ್ತವ್ರೆ ಮೇಷ್ಟ್ರೇ, ಅದನ್ ನನ್ ಮೇಲೆ ಬಾರಿಸ್ತಾರೆ," ಎಂದರು ಅವರ ಹೆಂಡತಿ, ಅಡುಗೆಮನೆಯಿಂದ.

ಸಂಶಯಪಡುವುದು ನನ್ನ ಜಾಯಮಾನ. ಈ ಮನುಷ್ಯ ತನ್ನ ತಪ್ಪನ್ನು ಸತ್ತವಳ ಮೇಲೆ ಹೊರಿಸುತ್ತಿದ್ದಾನೋ, ಅಥವಾ ನಾನೇ ಅವಳನ್ನು ಒಂದೂ ತಪ್ಪಿಲ್ಲದವಳಾಗಿ ತಿದ್ದಿಟ್ಟುಕೊಂಡಿದ್ದೇನೋ? ಹೇಳಬಲ್ಲವಳು ಇಲ್ಲ. ಆದರೆ 'ಥೂ, ಹಾಳಾದ್ದು' ಎಂಬಲ್ಲಿ ಮಾತ್ರ ಸಂಶಯ ಹುಟ್ಟಲಿಲ್ಲ. ಹಾಲು ಉಕ್ಕಿದಾಗ, ನಾನು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದಾಗ ಕೇಳಿಬರುತ್ತಿದ್ದ ದನಿ ಅದು. ಎಷ್ಟೋ ದಿನದ ಮೇಲೆ ಅವಳು ಕಿವಿಗೆ ಸಿಕ್ಕಳು.

"ಆಯ್ತು ಬುಡಿ, ಬೇರೇದೇ ಕಲೀತೀನಿ," ಎಂದು ಗುರುಸಿದ್ದಣ್ಣ ಕೀಬೋರ್ಡಿನ ಮೇಲೆ ಬಟ್ಟೆ ಎಳೆಯಲು ಹೋದರು.

"ಬೇಡ, ಅದೇ ಇರ್ಲಿ," ಎಂದೆ. "ಆ ನಿಲ್ಲೋ ಜಾಗ ಬಂದಾಗ ಮಾತ್ರ ಅವಸರ ಮಾಡ್ಬೇಡಿ."