ಮುನಿಗಂಗಪ್ಪನ ಕಾರಿಗೆ ಯಾವ ಆಯಿಲ್

ಯಶವಂತಪುರದ ಫ್ಯಾಕ್ಟರಿಯೊಂದರ ಸ್ಟಾಫ್ ಬಸ್ಸನ್ನು ಆಯುಸ್ಸೆಲ್ಲ ಓಡಿಸಿದ ಬಾಗಲೂರಿನ ಮುನಿಗಂಗಪ್ಪ, ರಿಟೈರಾದ ದಿನ ಹೊದಿಸಿದ ಶಾಲಿನಲ್ಲೇ ಮನೆಗೆ ಬಂದು ಹೆಂಡತಿ ಮುನಿಶಾಮಮ್ಮನಿಗೆ ಒಂದು ಮಾತು ಹೇಳಿದ್ದ. "ಇನ್ನು ಈ ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಕಿಲ್ಲ ಕಣೆ." ಹೇಳುವುದೇನೋ ಹೇಳಿದ, ಹಣೆಬರಹಕ್ಕೆ ಹೊಣೆ ಯಾರು? ಎರಡು ವರ್ಷ ತುಂಬುವುದರೊಳಗೆ ಮುನಿಶಾಮಮ್ಮನ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ಹೆಬ್ಬಾಳದ ಆಸ್ಪತ್ರೆಯಲ್ಲಿ ಡಯಾಲಿಸಿಸ್, ಅದೂ ಬೆಳಗಿನ ಮೊದಲ ಪಾಳಿ. ಆ ಹೊತ್ತಿಗೆ ಬಾಗಲೂರಿನಲ್ಲಿ ಆಟೋ ಸಿಗದು, ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಅವಳ ಕಾಲಿಗಿಲ್ಲ. ಯಲಹಂಕದಲ್ಲಿ ಯಾರೋ ಮಾರುತ್ತಿದ್ದ ಹಳೇ ಮಾರುತಿ ಎಂಟ್ನೂರನ್ನು ಕೊಂಡು ತಂದ. ಬೇಡವೆಂದು ಕೈಮುಗಿದ ಸ್ಟೇರಿಂಗು ಮತ್ತೆ ಕೈಗೇ ಬಂತು.

ಕಾರು ತಂದ ಮೇಲೆ ಮುನಿಗಂಗಪ್ಪ ಮಾಡಿದ ಮೊದಲ ಕೆಲಸವೇ ತಪ್ಪು. ಗಟ್ಟಿ ಆಯಿಲ್ ಹಾಕಿದಷ್ಟೂ ಇಂಜಿನ್ನಿಗೆ ಬಲ ಎಂಬುದು ಅವನ ಕಾಲದ ಬಸ್ಸಿನವರ ವೇದವಾಕ್ಯ. ಫ್ಯಾಕ್ಟರಿಯ ಬಸ್ ಡಿಪೋದಲ್ಲಿ ಹಳೇ ಪರಿಚಯದವರನ್ನು ಹಿಡಿದು, ಬಸ್ಸಿಗೆ ಹಾಕುವ ಆಯಿಲ್ಲನ್ನೇ ಕ್ಯಾನಿನಲ್ಲಿ ತಂದು ಸುರಿದ. ಪಕ್ಕದ ಮನೆಯ ಬ್ಯಾಟರಾಯಪ್ಪ ಸ್ವಂತ ಸೈಕಲ್ಲಿಗೆ ಎಣ್ಣೆ ಬಿಟ್ಟವನಲ್ಲ, ಆದರೂ ಕಟ್ಟೆಯ ಮೇಲೆ ಕೂತು "ಒಳ್ಳೇ ಕೆಲಸ ಮಾಡ್ದೆ ಬುಡು" ಎಂದು ಸರ್ಟಿಫಿಕೇಟು ಕೊಟ್ಟ.

ಮಾಗಿಯ ಚಳಿ ಬಂದಾಗ ಗೊತ್ತಾಯಿತು. ಬೆಳಗಿನ ಜಾವ ಕೀ ತಿರುಗಿಸಿದರೆ ಇಂಜಿನ್ನು ಮುದಿ ಎತ್ತಿನಂತೆ ಏಳಲೊಲ್ಲೆ ಎನ್ನುತ್ತಿತ್ತು. ಎದ್ದರೆ ಕಟಕಟ ಸದ್ದು, ಹಿಂದೆ ನೀಲಿ ಹೊಗೆ. ಒಂದು ದಿನ ಅದು ಏಳಲೇ ಇಲ್ಲ. ಬ್ಯಾಟರಾಯಪ್ಪನೂ ಹಾಲಿನವನೂ ತಳ್ಳಿ ಸ್ಟಾರ್ಟ್ ಮಾಡಿಸುವ ಹೊತ್ತಿಗೆ ಮುನಿಶಾಮಮ್ಮನ ಸರದಿ ತಪ್ಪಿ ಹೋಗಿತ್ತು. ಮಾರನೆಯ ದಿನದವರೆಗೆ ಅವಳು ಮಲಗಲಾರದೆ, ಗೋಡೆಗೊರಗಿ ಕೂತು ಉಸಿರೆಳೆದುಕೊಂಡಳು. ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಕುತ್ತು ಬರುತ್ತದೆ ಎಂದು ಡಾಕ್ಟರು ಗದರಿದರು.

ಮುಂದಿನ ಪಾಳಿಯಂದು ಅವಳನ್ನು ಒಳಗೆ ಬಿಟ್ಟು, ಯಥಾಪ್ರಕಾರ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತಿದ್ದ. ಸೊಂಟ ಹಿಡಿದುಕೊಂಡಿತ್ತು. ಕಣ್ಣು ಉರಿಯುತ್ತಿತ್ತು. 'ಇದೆಲ್ಲ ಯಾವಾಗ ಮುಗಿಯುತ್ತಪ್ಪ' ಎಂದುಕೊಂಡ. ಅಂದುಕೊಂಡ ಮೇಲೆ, ಇದು ಮುಗಿಯುವುದೆಂದರೆ ಏನು ಮುಗಿಯುವುದು ಎಂಬುದು ಹೊಳೆಯಿತು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೆ ಸುಸ್ತು ಮಾತ್ರ ಹೋಗಲಿಲ್ಲ. ಅಸಹ್ಯಪಟ್ಟುಕೊಂಡರೆ ಹೋಗುವಂಥ ಸುಸ್ತು ಅದಲ್ಲ.

ವಾಪಸು ಬರುವಾಗ ಕಾರನ್ನು ತಣಿಸಂದ್ರದ ಉಜೈರನ ಗ್ಯಾರೇಜಿಗೆ ತಿರುಗಿಸಿದ. ಡಯಾಲಿಸಿಸ್ ಮುಗಿಸಿದ ಮುನಿಶಾಮಮ್ಮ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದಳು. ಉಜೈರ್ ಬಾನೆಟ್ ಎತ್ತಿ, ಅಳತೆ ಕಡ್ಡಿ ಎಳೆದು, ಆಯಿಲ್ಲನ್ನು ಎರಡು ಬೆರಳಿನಲ್ಲಿ ತೀಡಿ ನೋಡಿದ.

"ಯಜಮಾನ್ರೇ, ಏನ್ ಹಾಕಿದ್ದೀರಾ ಇದಕ್ಕೆ?"

"ಬಸ್ಸಿಂದು."

"ಬಸ್ ಇಂಜಿನ್ ಎಲ್ಲಿ, ಇದೆಲ್ಲಿ? ಬೆಳಗ್ಗೆ ಚಳೀಲಿ ಇದು ಜೋನಿ ಬೆಲ್ಲ ಆಗಿರುತ್ತೆ. ಮೇಲಕ್ಕೆ ಏರೋಗಂಟ ಇಂಜಿನ್ ಒಣಗಿದ್ದೇ ತಿರುಗ್ತಾ ಇರುತ್ತೆ."

"ಸರಿಯಪ್ಪ, ಯಾವ್ದು ಆಕ್ಬೇಕು ಏಳು, ಅದ್ನೇ ಆಕು."

ಉಜೈರ್ ಕೈ ಒರೆಸಿಕೊಂಡ. "ಕಂಪನಿ ಪುಸ್ತಕದಲ್ಲಿರೋದು ತೆಳು ಆಯಿಲ್. ಅದು ಹಾಕಿದ್ರೆ ಬೆಳಗ್ಗೆ ಆರಾಮಾಗಿ ಸ್ಟಾರ್ಟ್ ಆಗುತ್ತೆ. ಆದ್ರೆ ಒಳಗೆ ಪಿಸ್ಟನ್ ರಿಂಗ್ ಸವೆದೋಗಿದೆ, ಹಾಕಿದ್ದೆಲ್ಲಾ ಕುಡಿದುಬಿಡುತ್ತೆ. ಮಧ್ಯದ್ದು ಒಂದಿದೆ, ಟ್ವೆಂಟಿ ಫಿಫ್ಟಿ. ಹೊಗೆ ಕಮ್ಮಿ ಆಗುತ್ತೆ, ಒಂದ್ ಮೂರ್ ತಿಂಗಳು ತಳ್ಳುತ್ತೆ, ಆಮೇಲೆ ನನ್ನ ಕೇಳ್ಬೇಡಿ. ಇಲ್ಲಾಂದ್ರೆ ಇಂಜಿನ್ ಬಿಚ್ಚಿ, ರಿಂಗು, ಸೀಲು ಹೊಸದು ಹಾಕಿ, ತೆಳು ಆಯಿಲ್ ಬಿಡೋದು. ನಾಲ್ಕೈದು ವರ್ಷ ತಿರುಗಿ ನೋಡಂಗಿಲ್ಲ." ಸ್ವಲ್ಪ ತಡೆದು ಕೇಳಿದ. "ಗಾಡಿ ಇನ್ನೆಷ್ಟು ದಿನ ಬೇಕು ನಿಮಗೆ? ಅದರ ಮೇಲೆ ಹೇಳ್ತೀನಿ."

ಗ್ಯಾರೇಜಿಗೆ ಬಂದವರನ್ನೆಲ್ಲ ಕೇಳುವ ಮಾತನ್ನೇ ಅವನು ಕೇಳಿದ್ದ. ಆದರೆ ಆ ಕಾರಿಗೆ ಆಸ್ಪತ್ರೆಯ ದಾರಿ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಕಾರು ಎಷ್ಟು ದಿನ ಬೇಕೆಂದರೆ ಹೆಂಡತಿ ಎಷ್ಟು ದಿನ ಇರುತ್ತಾಳೆ ಎಂದೇ ಹೇಳಬೇಕಿತ್ತು.

ಹಿಂದಿನ ಸೀಟಿನಿಂದ ಮುನಿಶಾಮಮ್ಮ ಹೇಳಿದಳು, "ಮೂರ್ ತಿಂಗ್ಳುದ್ದೇ ಆಕ್ಬುಡಪ್ಪ. ಸಾಕು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಹಾಲಿನವನಿಗೆ ಇವತ್ತು ಅರ್ಧ ಲೀಟರು ಸಾಕು ಎಂದಷ್ಟೇ ಸಲೀಸಾಗಿ ಹೇಳಿದ್ದಳು. ಮುನಿಗಂಗಪ್ಪ ತಿರುಗಿ ಅವಳ ಮುಖ ನೋಡಿದ. ಇವಳಿಗೆ ಎಲ್ಲ ಗೊತ್ತಿದೆ. ತಾನು ಸೊಂಟ ನೀವಿಕೊಳ್ಳುವುದು, ಕೀ ತಿರುಗಿಸುವ ಮುಂಚೆ ನಿಟ್ಟುಸಿರು ಬಿಡುವುದು, ಎಲ್ಲವನ್ನೂ ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದಾಳೆ. ನೋಡಿ, ಗಂಡನಿಗೆ ಇಷ್ಟರಲ್ಲೇ ಬಿಡುಗಡೆ ಕೊಟ್ಟುಬಿಡೋಣವೆಂದು ತೀರ್ಮಾನ ಮಾಡಿಕೊಂಡಿದ್ದಾಳೆ.

"ಬಿಚ್ಚು ಇಂಜಿನ್ನ," ಎಂದ ಉಜೈರನಿಗೆ.

"ವಾರ ಆಗುತ್ತೆ ಯಜಮಾನ್ರೇ."

"ಆಗ್ಲಿ. ಬಿಚ್ಚು."

ಉಜೈರ್ ಆಟೋ ಓಡಿಸುವ ತನ್ನ ಬಾವನನ್ನು ಫೋನು ಮಾಡಿ ಕರೆಸಿದ, ವಾರವಿಡೀ ಆಸ್ಪತ್ರೆಗೆ ಅವನೇ ಬಿಟ್ಟು ಬರಲಿ ಎಂದು ಒಪ್ಪಿಸಿದ.

ಆಟೋದಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಬಾಗಲೂರಿನ ರಸ್ತೆಯ ಗುಂಡಿಗಳಿಗೆ ಅವಳು ಓಲಾಡುತ್ತಿದ್ದಳು. ಮುನಿಗಂಗಪ್ಪ ಬೆನ್ನ ಹಿಂದೆ ಕೈ ಹಾಕಿ ಹಿಡಿದುಕೊಂಡ.

"ಯಾಕೆ ಬಿಚ್ಚಕ್ಕೆ ಏಳಿದ್ರಿ? ನಿಮ್ಗೆ ಸಾಕಾಗಿಲ್ವಾ?" ಎಂದು ಕೇಳಿದಳು.

ಇಲ್ಲವೆಂದು ಸುಳ್ಳು ಹೇಳಬಹುದಿತ್ತು. ಅವಳು ನಂಬುವುದಿಲ್ಲವೆಂದು ಗೊತ್ತಿತ್ತು.

"ಸಾಕಾಗೈತೆ ಕಣೆ," ಎಂದ. "ಬೋ ಸಾಕಾಗೈತೆ. ಆದ್ರೂ ನೀನಿರಬೇಕು."