ಕಂಪ್ಯೂಟರ್‌ಗಳನ್ನು ಎಬ್ಬಿಸುವ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ವಿಮಾ ಕಚೇರಿಯ ಬೀಗ ತೆಗೆದು ಒಳಬಂದ ಅಟೆಂಡರ್ ಅಕ್ಕ ಒಂದೊಂದೇ ಮೇಜಿನ ಮುಂದೆ ಬಗ್ಗುತ್ತಾರೆ. ಗುಂಡಿ ಒತ್ತಿ, "ಏಳಪ್ಪ" ಅನ್ನುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಒಟ್ಟು ಮೂವತ್ತೆರಡು ಕಂಪ್ಯೂಟರ್‌ಗಳು. ಕೊನೆಯದು ಕಿಟಕಿ ಪಕ್ಕದ ಮೂಲೆಯದು. ಅದಕ್ಕೆ ಅಕ್ಕ ಇಟ್ಟಿರುವ ಹೆಸರು ಕುಂಭಕರ್ಣ. ಒಂದೇ ಸಲಕ್ಕೆ ಎದ್ದ ಇತಿಹಾಸವೇ ಅದಕ್ಕಿಲ್ಲ.

ಹಳೇ ಯಂತ್ರಗಳು, ಮೈಮುರಿದು ಏಳಲು ಕಾಲು ಗಂಟೆ ಬೇಕು. ಗುಮಾಸ್ತರು ಬಂದು ಕೂರುವಷ್ಟರಲ್ಲಿ ಪರದೆಗಳು ಸಿದ್ಧವಾಗಿರಬೇಕು. ಹನ್ನೊಂದು ವರ್ಷಗಳಿಂದ ಸಿದ್ಧವಾಗಿಯೇ ಇವೆ. ಎಬ್ಬಿಸಿದ್ದು ಯಾರೆಂದು ಯಾರಾದರೂ ಕೇಳಿದ್ದಾರೆಯೇ? ರಾಮ ರಾಮಾ, ತಾವಾಗೇ ಎದ್ದಿವೆ ಎಂದುಕೊಂಡವರೇ ಹೆಚ್ಚು!

ಕುಂಭಕರ್ಣ ಎಂಬ ಹೆಸರು ಮೊದಲು ಅವರ ಗಂಡನದಾಗಿತ್ತು. "ನಮ್ಮನೆಯವರು ಹೊದಿಕೆ ಕಿತ್ಕೊಂಡ್ರೂ ಏಳ್ತಿರ್ಲಿಲ್ಲ. ನಾನು ಕೂಗಿ ಕೂಗಿ ಗಂಟಲು ಹರ್ಕೊಂಡ ಮೇಲೆ, 'ಎದ್ದೇ ಇದೀನಿ ಕಣೇ' ಅನ್ನೋರು. ಕಣ್ಣು ಮಾತ್ರ ಮುಚ್ಚೇ ಇರೋದು" ಎಂದು ಅಕ್ಕ ನಗುತ್ತಾರೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಎಷ್ಟು ಕೂಗಿದರೂ ಅವರು ಏಳಲಿಲ್ಲ. ಮಕ್ಕಳಿಲ್ಲ. "ಈಗ ಮನೆ ಬಿಕೋ ಅನ್ನುತ್ತೆ. ಎದ್ದು ಯಾರ ಮುಖ ನೋಡ್ಲಿ? ಬೇಗ ಬೇಗ ಇಲ್ಲಿಗೆ ಬಂದ್ಬಿಡ್ತೀನಿ."

ಈ ನಡುವೆ ಕಚೇರಿಯಲ್ಲಿ ಹೊಸ ಜಟಾಪಟಿ. ರಾತ್ರಿ ಆಫ್ ಮಾಡಿದರೆ ಕರೆಂಟು ಉಳಿಯುತ್ತದೆ ಎನ್ನುವುದು ಲೆಕ್ಕದ ವಿಭಾಗದವರ ವಾದ. ದಿನಾ ಆಫ್ ಮಾಡಿ ಆನ್ ಮಾಡಿದರೇ ಹಳೆಯವು ಬೇಗ ಕೆಡುವುದು ಎನ್ನುವುದು ರಿಪೇರಿಯವನ ವಾದ. ಕೊನೆಗೆ ಗೆದ್ದದ್ದು ರಿಪೇರಿಯವನೇ. ಬರುವ ಸೋಮವಾರದಿಂದ ಯಂತ್ರಗಳೆಲ್ಲ ರಾತ್ರಿಯಿಡೀ ಓಡಲಿವೆ.

ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು: "ಅಕ್ಕಾ, ಇನ್ಮೇಲೆ ಎಲ್ಲರ ಜೊತೆ ಬನ್ನಿ ಸಾಕು. ಬೆಳಿಗ್ಗೆ ಆರಾಮಾಗಿ ಮಲ್ಕೊಳ್ಳಿ. ಸಂಬಳ ಏನೂ ಕಡಿಮೆ ಆಗಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ ಮೂಲೆಯ ಕುಂಭಕರ್ಣನತ್ತ ನೋಡಿದರು. ಹೇಳಿದರೆ ನಕ್ಕುಬಿಟ್ಟಾರು ಎಂಬ ಅಳುಕಿನಲ್ಲಿ ವಾರವಿಡೀ ಮ್ಯಾನೇಜರ್ ಕೋಣೆಯ ಬಾಗಿಲವರೆಗೆ ಹೋಗಿ ಹೋಗಿ ವಾಪಸ್ ಬಂದರು.

ಇವತ್ತು ಶನಿವಾರ. ಮ್ಯಾನೇಜರ್ ಏನೋ ಕೆಲಸವಿದೆಯೆಂದು ಬೇಗ ಬಂದಿದ್ದಾರೆ. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವರ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರೆ.

"ಸಾರ್, ಬೇರೆ ಎಲ್ಲಾ ಓಡ್ತಾ ಇರ್ಲಿ. ಆ ಮೂಲೇದೊಂದು ಮಾತ್ರ ರಾತ್ರಿ ಆಫ್ ಮಾಡ್ಲಾ?"

"ಅದೊಂದಕ್ಕೋಸ್ಕರ ನಸುಕಲ್ಲೇ ಬರ್ತೀರಾ? ಯಾಕಕ್ಕಾ?"



"ಬೆಳಿಗ್ಗೆ ಎದ್ರೆ ಎಬ್ಬಿಸೋಕೆ ಯಾರಾದ್ರೂ ಒಬ್ರು ಬೇಕಲ್ಲ ಸಾರ್."