ಅತ್ತಿಗೆ ಎದ್ದದ್ದಕ್ಕೆ ಸೋತ ಆಟ

ನಮ್ಮೂರಿನ ಬೇಸ್‌ಬಾಲ್ ತಂಡ ಸ್ಟೋಕರ್ಸ್ ಆ ವರ್ಷ ಯಾಕೆ ಸೋತಿತು ಎಂದು ಲೋವೆಲ್ ಹಾರ್ಬರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಪಿಚರ್ ಕ್ರಾಂಟ್ಸ್ ಕೊನೆಯ ಚೆಂಡನ್ನು ಸರಿಯಾಗಿ ಹೊಟ್ಟೆಯ ಎತ್ತರಕ್ಕೆ, ದಯವಿಟ್ಟು ಹೊಡೆಯಪ್ಪಾ ಎಂದು ಬೇಡಿಕೊಂಡ ಹಾಗೆ ಎಸೆದ ಎಂದು ಬುದ್ಧಿ ನೆಟ್ಟಗಿರುವವರು ಹೇಳುತ್ತಾರೆ. ನಮ್ಮ ಓಣಿಯವರು ಮಾತ್ರ ಹಾಗೆ ಹೇಳುವುದಿಲ್ಲ. ನನ್ನ ಅಣ್ಣಂದಿರ ಮನೆಗಳಲ್ಲಿ, ಮೂಲೆಯ ಬಾರಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಎಲ್ಲರದ್ದೂ ಒಂದೇ ಉತ್ತರ: "ಆರ್ಲೀನ್ ಎದ್ದಳಲ್ಲ, ಅದಕ್ಕೆ!"

ಆರ್ಲೀನ್ ನನ್ನ ಅತ್ತಿಗೆ. ದೊಡ್ಡಣ್ಣ ಎಮಿಲ್‌ನ ಹೆಂಡತಿ. ಮೂವತ್ತೈದು ವರ್ಷ ಈ ಮಾತು ಕೇಳಿ ಕೇಳಿ ಅವಳ ತಲೆ ಬೆಳ್ಳಗಾಯಿತು. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ, ಇವತ್ತಿಗೂ.

ಅವಳು ಹುಟ್ಟಿ ಬೆಳೆದದ್ದು ಕ್ರೀಡಾಂಗಣದ ಹಿಂದಿನ ಬೀದಿಯಲ್ಲಿ, ಒಂದು ಬೇಕರಿಯ ಮಹಡಿಯ ಮೇಲೆ. ಅವಳಪ್ಪ ಗೇಟಿನಲ್ಲಿ ಟಿಕೇಟು ಹರಿಯುವ ಕೆಲಸದಲ್ಲಿದ್ದ. ಹಾಗಾಗಿ ಅವಳಿಗೆ ಆಟ ನೋಡುವುದು ಮನೆಯಂಗಳದಲ್ಲಿ ಆಡಿದಷ್ಟೇ ಸಲೀಸು. ಪಿಚರ್‌ನ ಭುಜ ನೋಡಿ ಚೆಂಡು ಎತ್ತ ತಿರುಗುತ್ತದೆ ಎಂದು ಹೇಳುವುದರಲ್ಲಿ ಎತ್ತಿದ ಕೈ. ಎಮಿಲ್ ಅವಳನ್ನು ಮೊದಲು ಕಂಡದ್ದೂ ಅಲ್ಲೇ. ಇವನು ಒಬ್ಬ ಆಟಗಾರನನ್ನು ಬಾಯಿಗೆ ಬಂದ ಹಾಗೆ ಬಯ್ಯುತ್ತ ಕೈಯಲ್ಲಿದ್ದ ಹಾಟ್‌ಡಾಗ್‌ನ ಸಾಸಿವೆಯನ್ನು ಅವಳ ಬೂಟಿನ ಮೇಲೆ ಚೆಲ್ಲಿದ. ಅವಳು ಬೂಟು ಒರೆಸಿಕೊಳ್ಳುತ್ತ, "ಬಯ್ಯೋದಾದ್ರೆ ಸರಿಯಾದವನ್ನ ಬಯ್ಯಿ. ತಪ್ಪು ಮಾಡಿದ್ದು ಎರಡನೇ ಬೇಸಿನವನು" ಅಂದಳಂತೆ. ಆ ಮಾತಿಗೇ ಎಮಿಲ್ ಬಿದ್ದುಹೋದ. ಮದುವೆಯಾಗಿ ನಮ್ಮ ಮನೆಗೆ ಬಂದಳು, ಶಾಲೆಯ ಅಡುಗೆಮನೆಯಲ್ಲಿ ಸೂಪು ಬಡಿಸುವ ಕೆಲಸಕ್ಕೆ ಸೇರಿದಳು, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದಳು. ಬೇಸಿಗೆಯ ಸಂಜೆಗಳಲ್ಲಿ ನಮ್ಮಪ್ಪನ ಪಕ್ಕ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ರೇಡಿಯೋದಲ್ಲಿ ಆಟ ಕೇಳುತ್ತಿದ್ದಳು. ಅಪ್ಪ ಕುಲುಮೆಯ ಕೆಲಸದಿಂದ ನಿವೃತ್ತನಾಗಿದ್ದ, ಮಾತು ಕಡಿಮೆ. ಸೊಸೆಯ ಹತ್ತಿರ ಮಾತ್ರ ಆಟದ ವಿಷಯಕ್ಕೆ ವಾದ ಮಾಡುತ್ತಿದ್ದ.

ಆ ಅಕ್ಟೋಬರಿನಲ್ಲಿ ಸ್ಟೋಕರ್ಸ್ ಪ್ಲೇಆಫ್‌ನ ಕೊನೆಯ ಆಟಕ್ಕೆ ಬಂದಿತ್ತು. ಅದನ್ನು ಗೆದ್ದರೆ ವರ್ಷದ ಫೈನಲ್, ವರ್ಲ್ಡ್ ಸೀರೀಸ್. ಅಪ್ಪ ಮದುವೆಯಾದಾಗಿನಿಂದ ನಮ್ಮ ತಂಡ ಅಲ್ಲಿಗೆ ಹೋದದ್ದೇ ಇಲ್ಲ. ಆಟ ಇದ್ದದ್ದು ಎದುರಾಳಿಗಳ ಊರಲ್ಲಿ, ಭಾನುವಾರ ಮಧ್ಯಾಹ್ನ. ನಾವೆಲ್ಲ ಎಮಿಲ್‌ನ ಮನೆಯ ನೆಲಮಾಳಿಗೆಯಲ್ಲಿ ಸೇರಿದ್ದೆವು. ಟಿವಿಯಲ್ಲಿ ಚಿತ್ರ, ಸದ್ದು ರೇಡಿಯೋದ್ದು. ಟಿವಿಯವರ ಮಾತಿಗೆ ನಮ್ಮೂರಲ್ಲಿ ಯಾರೂ ಬೆಲೆ ಕೊಡುವುದಿಲ್ಲ.

ನಮ್ಮ ಹುದಾಕ್ ಮನೆತನದ ಕಟ್ಟಳೆ ಒಂದಿದೆ. ನಮ್ಮವರಿಗೆ ಮೊದಲ ರನ್ ಬಂದಾಗ ಯಾರು ಎಲ್ಲಿದ್ದರೋ ಆಟ ಮುಗಿಯುವ ತನಕ ಅವರು ಅಲ್ಲೇ ಇರಬೇಕು. ಎದ್ದರೆ ಅದೃಷ್ಟ ಕೆಡುತ್ತದೆ. ನಗಬೇಡಿ, ಆ ಓಣಿಯ ಪ್ರತಿ ಮನೆಯಲ್ಲೂ ಇಂಥದ್ದೊಂದು ಇದೆ. ಆ ದಿನ ಮೊದಲ ರನ್ ಬಂದಾಗ ಎಮಿಲ್ ಹಾಲಿನ ಕ್ರೇಟಿನ ಮೇಲೆ ಕೂತಿದ್ದ. ಚಿಕ್ಕಣ್ಣ ಲಾಡೋ ಸ್ಟೂಲಿನ ಮೇಲೆ ಒಂದು ಕಾಲಿಟ್ಟು ಕಾಲುಚೀಲ ಎಳೆದುಕೊಳ್ಳುತ್ತಿದ್ದ, ಹಾಗೇ ನಿಂತ. ನಾನು ಮೇಲೆ ಅಡುಗೆಮನೆಯಲ್ಲಿ ಪಿರೋಹಿ ಕಡುಬು ಬೇಯಿಸುತ್ತಿದ್ದೆ. "ಇರ್ಮಾ, ಕೆಳಗೆ ಬಂದ್ಯೋ ಕಾಲ್ ಮುರೀತೀನಿ!" ಎಂದು ಲಾಡೋ ಕೂಗಿದ. ಅದಕ್ಕೇ ನಾನು ಆಟವನ್ನೆಲ್ಲ ಕೇಳಿದ್ದು ಮೆಟ್ಟಿಲ ಬಾಗಿಲಲ್ಲಿ ನಿಂತು.

ಅತ್ತಿಗೆಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಯಂತ್ರದ ಮೇಲಿನ ಜಾಗ. ಅಲ್ಲಿಂದ ಟಿವಿ ನೋಡಬೇಕಾದರೆ ಕತ್ತು ತಿರುಗಿಸಬೇಕು. ಎದುರಿಗೆ ನೇರವಾಗಿ ಕಾಣುತ್ತಿದ್ದದ್ದು ಆರಾಮಕುರ್ಚಿಯಲ್ಲಿ ಕೂತ ಅಪ್ಪನ ಮುಖ. ಅವಳು ಒಂದು ಮಾತೂ ಗೊಣಗಲಿಲ್ಲ. ಎಲ್ಲರಿಗಿಂತ ಹೆಚ್ಚು ಆ ಕಟ್ಟಳೆಯನ್ನು ನಂಬಿದ್ದವಳೇ ಅವಳು. ಬಚ್ಚಲಿಗೂ ಹೋಗದೆ ಒಂಬತ್ತನೇ ಇನ್ನಿಂಗ್ಸಿನವರೆಗೆ ಅಲ್ಲೇ ಕೂತಿದ್ದಳು. ಇದನ್ನು ಯಾರೂ ಹೇಳುವುದಿಲ್ಲ.

ಒಂಬತ್ತನೆಯದರಲ್ಲಿ, ಅಂದರೆ ಕೊನೆಯದರಲ್ಲಿ, ನಾವು ಎರಡು ರನ್ ಮುಂದಿದ್ದೆವು. ಎದುರಾಳಿಗಳ ಇಬ್ಬರು ಔಟಾಗಿದ್ದರು, ಇಬ್ಬರು ಬೇಸುಗಳ ಮೇಲಿದ್ದರು. ಬ್ಯಾಟು ಹಿಡಿದವನಿಗೆ ಆಗಲೇ ಎರಡು ಸ್ಟ್ರೈಕ್. ಇನ್ನೊಂದೇ ಒಂದು ಸ್ಟ್ರೈಕ್ ಬಿದ್ದರೆ ಅವನೂ ಔಟು, ಆಟ ನಮ್ಮದು. ಇಡೀ ಊರೇ ಉಸಿರು ಬಿಗಿಹಿಡಿದಿತ್ತು. ಆಗ ಕೆಳಗಿನಿಂದ ಅತ್ತಿಗೆಯ ಧ್ವನಿ ಕೇಳಿತು.

"ಎಮಿಲ್, ಅಪ್ಪನ್ನ ನೋಡು."

"ಶ್!"

"ಎಮಿಲ್, ಅವರ ಬಾಯಿ ಸೊಟ್ಟ ಆಗ್ತಿದೆ ಕಣೋ. ಕೈಯಿಂದ ಕಾಫಿ ಕಪ್ ಜಾರ್ತಿದೆ. ನೋಡೋ!"

"ಒಂದ್ ನಿಮಿಷ ಇರು! ಏಳ್ಬೇಡ! ಆರ್ಲೀನ್, ಏಳ್ಬೇಡ ಅಂದ್ನಲ್ಲ!"

ಅವಳು ಯಂತ್ರದಿಂದ ದಢಕ್ಕನೆ ಕೆಳಗೆ ಹಾರಿದ ಸದ್ದು ಕೇಳಿತು. ಅದರ ಬೆನ್ನಿಗೇ ರೇಡಿಯೋದಲ್ಲಿ ಬ್ಯಾಟಿನ ಸದ್ದು. ನಮ್ಮ ವೀಕ್ಷಕ ವಿವರಣೆಯವನು ಮಾತು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿಬಿಟ್ಟ. ಚೆಂಡು ಗೋಡೆಯ ಆಚೆ ಬಿತ್ತು, ಮೂವರೂ ಓಡಿ ಬಂದು ಮೂರು ರನ್ ಗಳಿಸಿದರು, ಆಟ ಅಲ್ಲಿಗೇ ಮುಗಿಯಿತು.

ಆಮೇಲೆ ನಾನು ಕೇಳಿಸಿಕೊಂಡದ್ದನ್ನು ಸಾಯುವ ತನಕ ಮರೆಯುವುದಿಲ್ಲ. ಲಾಡೋ ಕಿರುಚುತ್ತಿದ್ದ. "ಯಾಕ್ ಎದ್ದೆ ನೀನು? ಯಾಕ್ ಎದ್ದೆ ಅಂತ ಕೇಳ್ತಿದೀನಿ!" ಏನೋ ಒಡೆಯಿತು. ಅದರ ನಡುವೆ ಅತ್ತಿಗೆ, "ಇರ್ಮಾ! ಆಂಬುಲೆನ್ಸಿಗೆ ಫೋನ್ ಮಾಡು! ಇರ್ಮಾ!" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ಫೋನು ಮಾಡಿ ಕೆಳಗಿಳಿದು ನೋಡಿದರೆ, ಅವಳೊಬ್ಬಳೇ ನೆಲದ ಮೇಲೆ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗಿಯ ಗುಂಡಿ ಬಿಚ್ಚುತ್ತಿದ್ದಳು. ಎಮಿಲ್ ಇನ್ನೂ ಕ್ರೇಟಿನ ಮೇಲೇ ಕೂತು ಟಿವಿ ನೋಡುತ್ತಿದ್ದ.

ಅಪ್ಪನಿಗೆ ಲಕ್ವ ಹೊಡೆದಿತ್ತು. ಬೇಗ ಕರೆತಂದಿರಿ, ಇಲ್ಲವಾದರೆ ಕೈತಪ್ಪಿ ಹೋಗುತ್ತಿದ್ದರು ಅಂದರು ಡಾಕ್ಟರು. ಆಮೇಲೆ ಅಪ್ಪ ಎಂಟು ವರ್ಷ ಬದುಕಿದ. ಎಡಭಾಗ ಸ್ವಾಧೀನ ತಪ್ಪಿತ್ತು, ಮಾತು ಹೋಗಿತ್ತು. ಅವನಿಗೆ ಉಣ್ಣಿಸಿದವಳು, ಗಡ್ಡ ಬೋಳಿಸಿದವಳು, ಬೇಸಿಗೆಯ ಸಂಜೆ ಹಿತ್ತಲಿಗೆ ಎತ್ತಿ ತಂದು ಪಕ್ಕದಲ್ಲಿ ರೇಡಿಯೋ ಇಟ್ಟವಳು ಅತ್ತಿಗೆ. ಚೆಂಡು ಎತ್ತ ಹೋಯಿತು ಎಂದು ಅವಳು ಹೇಳಿದರೆ ಅಪ್ಪ ಒಪ್ಪದೆ ಬಲಗೈ ಆಡಿಸುತ್ತಿದ್ದ. ಆ ಸ್ಥಿತಿಯಲ್ಲೂ ಅವರಿಬ್ಬರ ವಾದ ನಿಂತಿರಲಿಲ್ಲ. ಮಗರಾಯರು ಭಾನುವಾರ ಮಧ್ಯಾಹ್ನ ಒಂದು ಗಂಟೆ ಅವನ ಹತ್ತಿರ ಕೂತು, ಹೆಗಲು ತಟ್ಟಿ, ಬಿಯರು ಕುಡಿಯಲು ಹೋಗುತ್ತಿದ್ದರು.

ಕಥೆ ಹೇಗೆ ತಿರುಗಿತು ನೋಡಿ. ಮೊದಲ ವರ್ಷ, "ಪಾಪ, ಆರ್ಲೀನ್ ಗಾಬರಿಯಲ್ಲಿ ಎದ್ದಳು" ಎನ್ನುತ್ತಿದ್ದರು. ಆಮೇಲೆ ಬಿಯರ್ ತರಲು ಎದ್ದಳು ಎಂದಾಯಿತು. ಅದೂ ಸಾಲದೆ ಬಚ್ಚಲಿಗೆ ಅವಸರವಾಗಿ ಎದ್ದಳು ಎಂದಾಯಿತು. ಅಪ್ಪನಿಗೆ ಲಕ್ವ ಹೊಡೆದದ್ದು ನಿಧಾನವಾಗಿ ಆ ದಿನದಿಂದ ಆಚೆ ಸರಿದು, ಆ ಚಳಿಗಾಲದಲ್ಲಿ ಯಾವತ್ತೋ ಆದದ್ದು ಎಂದಾಯಿತು. ಯಾಕೆ ಗೊತ್ತೇ? ಆ ಕೋಣೆಯಲ್ಲಿ ಬಾಯಿ ಸೊಟ್ಟಗಾಗುತ್ತಿರುವ ಅಪ್ಪ ಇದ್ದರೆ, ಅವನನ್ನು ನೋಡದೆ ಕೂತ ಮಕ್ಕಳೂ ಇರಬೇಕಾಗುತ್ತದೆ. ಅದಕ್ಕೇ ಅಪ್ಪನನ್ನೇ ಕೋಣೆಯಿಂದ ಹೊರಗೆ ಹಾಕಿದರು. ಅತ್ತಿಗೆಯ ತಲೆಯ ಮೇಲೆ ಗೂಬೆ ಕೂರಿಸಿದರು.

"ಏಳ್ಬೇಡ ಆರ್ಲೀನ್" ಎನ್ನುವುದು ಊರಿನ ಗಾದೆಯಂತೆ ಎಲ್ಲರ ಬಾಯಲ್ಲಿ ನಿಂತಿತು. ಬಾರಿನಲ್ಲಿ ಒಂದು ಸ್ಟೂಲಿಗೆ ಆ ಮಾತು ಬರೆದ ಹಲಗೆ ಕಟ್ಟಿದರು. ಚರ್ಚಿನಲ್ಲಿ ಅವಳು ಪ್ರಸಾದಕ್ಕೆ ಎದ್ದರೆ ಹಿಂದಿನ ಸಾಲಿನಿಂದ ಯಾರಾದರೂ ಪಿಸುಗುಟ್ಟುತ್ತಿದ್ದರು. ಆಟದ ದಿನ ಹುಟ್ಟೇ ಇರದಿದ್ದ ಹುಡುಗರು ಅಂಗಡಿಯಲ್ಲಿ ಅವಳ ಮುಂದೆ ಹಲ್ಲು ಕಿರಿಯುತ್ತಿದ್ದರು. ಇನ್ನು ಆ ಚೆಂಡು ಎಸೆದ ಕ್ರಾಂಟ್ಸ್? ಅವನು ಊರ ಹೊರಗೆ ಕಾರು ಮಾರುತ್ತಾನೆ. ಲಾಡೋ ಅವನನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡಿದ್ದಾನೆ. ಎಸೆದವನನ್ನು ಕ್ಷಮಿಸಿದ ಊರಿಗೆ ಎದ್ದವಳನ್ನು ಕ್ಷಮಿಸಲು ಆಗಲಿಲ್ಲ.

ನಾನು ಸುಮ್ಮನಿರಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೂ ಜಗಳವಾಡಿದೆ. "ನೀನು ಮೇಲಿದ್ದೆ, ನಿಂಗೇನ್ ಗೊತ್ತು?" ಎಂದು ನಕ್ಕುಬಿಡುತ್ತಿದ್ದರು. ಎಮಿಲ್ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅತ್ತಿಗೆ, "ಬಿಡೇ ಇರ್ಮಾ. ಅವನಿಗೆ ಗೊತ್ತಿದೆ, ಒಂದಿನ ಹೇಳ್ತಾನೆ" ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಊರಿನ ಕ್ಷಮೆಯಲ್ಲ. ಗಂಡನ ಬಾಯಿಂದ ಬರಬೇಕಾದ ಒಂದು ಮಾತು, ಅಷ್ಟೇ.

ಕಳೆದ ಅಕ್ಟೋಬರಿನಲ್ಲಿ ಚರ್ಚಿನ ಛಾವಣಿಗೆ ಹಣ ಕೂಡಿಸಲು ಆ ಆಟದ ನೆನಪಿನ ಕೂಟ ಏರ್ಪಡಿಸಿದರು. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ಹಂದಿಮಾಂಸ, ಎಲೆಕೋಸು, ಬಿಯರು. ಮೈಕು ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬ ಆ ದಿನ ಮದುವೆಯಾಗುತ್ತಿದ್ದನಂತೆ, ಜೇಬಿನಲ್ಲಿ ಟ್ರಾನ್ಸಿಸ್ಟರು ಇಟ್ಟುಕೊಂಡು. "ನಾನು ಅತ್ತಿದ್ದು ನೋಡಿ ಮಾವನಿಗೆ ಖುಷಿಯೋ ಖುಷಿ, ಮಗಳ ಮೇಲೆ ಎಷ್ಟು ಪ್ರೀತಿ ಅಂತ" ಎಂದ. ಇನ್ನೊಬ್ಬ ಟಿವಿಗೆ ಒದ್ದು ಕಾಲ್ಬೆರಳು ಮುರಿದುಕೊಂಡಿದ್ದ. ಜನ ನಗುತ್ತಿದ್ದರು, ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸೋಲು ಎಂದರೆ ಇವರಿಗೆ ಎಷ್ಟು ಪ್ರೀತಿ!

ಆಮೇಲೆ ಲಾಡೋ ಎದ್ದ. ಅಭಿನಯಿಸಿಯೇ ತೋರಿಸಿದ. ಕುರ್ಚಿಯನ್ನು ಒಗೆಯುವ ಯಂತ್ರ ಮಾಡಿಕೊಂಡು ಅದರ ಮೇಲೆ ಹತ್ತಿ, ತೊಡೆ ಬಿಗಿಹಿಡಿದು ಒದ್ದಾಡಿ, "ಅಯ್ಯೋ, ತಡಕೊಳ್ಳಕ್ಕಾಗಲ್ಲ ಎಮಿಲ್!" ಎಂದು ಹೆಣ್ಣುಧ್ವನಿಯಲ್ಲಿ ಕೂಗಿ ಕೆಳಗೆ ಹಾರಿದ. ಇಡೀ ಸಭೆಯೇ ಮೇಜು ಗುದ್ದಿ, "ಏಳ್ಬೇಡ ಆರ್ಲೀನ್!" ಎಂದು ಅಬ್ಬರಿಸಿತು. ಪಾದ್ರಿಯೂ ನಕ್ಕರು. ಅತ್ತಿಗೆ ಫೋರ್ಕು ಹಿಡಿದು ತಟ್ಟೆ ನೋಡುತ್ತ ಕೂತಿದ್ದಳು.

ನಾನು ಹೋಗಿ ಲಾಡೋನ ಕೈಯಿಂದ ಮೈಕು ಕಿತ್ತುಕೊಂಡೆ. "ಅವಳು ಎದ್ದಿದ್ದು ಬಚ್ಚಲಿಗಲ್ಲ. ನಮ್ಮಪ್ಪ ಅಲ್ಲೇ ಸಾಯ್ತಾ ಇದ್ದ. ಈ ಇಬ್ಬರು ಗಂಡು ಮಕ್ಕಳು ಕೂತ ಜಾಗದಿಂದ ಅಲುಗಾಡಲಿಲ್ಲ" ಎಂದೆ.

"ಇರ್ಮಾ, ತಮಾಷೆ ಹಾಳ್ಮಾಡ್ಬೇಡ ತಾಯಿ. ಅಡುಗೆಮನೇಲಿ ಪಿರೋಹಿ ಮಾಡ್ತಿದ್ದವಳು ನೀನೇನ್ ನೋಡ್ದೆ?" ಎಂದ ಲಾಡೋ. ಮತ್ತೆ ನಗು.

ಆಗ ಅತ್ತಿಗೆ ಫೋರ್ಕು ಕೆಳಗಿಟ್ಟಳು. "ಹೌದು, ಅವಳು ನೋಡ್ಲಿಲ್ಲ. ಎಮಿಲ್ ನೋಡಿದಾನೆ. ಅವನೇ ಹೇಳ್ಲಿ."

ಎಲ್ಲರೂ ಎಮಿಲ್‌ನ ಕಡೆ ತಿರುಗಿದರು. ನನ್ನಣ್ಣ ಕೆಟ್ಟವನಲ್ಲ. ಹಿಮ ಬಿದ್ದಾಗ ವಿಧವೆಯರ ಮನೆಯ ಮುಂದೆ ತಾನಾಗಿ ಹೋಗಿ ಬಾಚುತ್ತಾನೆ. ಹೆಂಡತಿಗೆ ಕೈ ಮಾಡಿದವನಲ್ಲ, ದುಡಿದದ್ದನ್ನು ಕುಡಿದು ಕಳೆದವನಲ್ಲ. ಅದಕ್ಕೇ ನನಗೆ ಆ ಗಳಿಗೆಯಲ್ಲಿ ಆಸೆಯಾಯಿತು. ಅತ್ತಿಗೆ ಅವನನ್ನೇ ನೋಡುತ್ತಿದ್ದಳು. ಅಷ್ಟು ವರ್ಷದಲ್ಲಿ ಅವಳು ಅವನಿಂದ ನೇರವಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ಮೈಕನ್ನು ಎಮಿಲ್‌ನ ಕೈಗೆ ಕೊಟ್ಟೆ.

ಅವನು ಗಂಟಲು ಸರಿಮಾಡಿಕೊಂಡ. "ಅಪ್ಪನಿಗೆ ಹುಷಾರು ತಪ್ಪಿದ್ದು ನಿಜ" ಎಂದ. ಲಾಡೋ ತಲೆ ತಗ್ಗಿಸಿದ. "ಅವಳು ಎದ್ದಿದ್ದು ಅದಕ್ಕೇ. ನಂಗೂ ಹೇಳಿದ್ಲು." ಅತ್ತಿಗೆಯ ಮುಖ ಸಡಿಲವಾದದ್ದು ನನಗೆ ಕಂಡಿತು. ಎಮಿಲ್ ಅವಳ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು.

"ಆದ್ರೂ ಆರ್ಲೀನ್, ಒಂದ್ ಬಾಲ್ ಕಾಯ್ಬಹುದಿತ್ತು ನೀನು."

ತಮಾಷೆಗೆ ಹೇಳಿದ್ದಲ್ಲ. ಮನಸ್ಸಿನಲ್ಲಿ ಇದ್ದದ್ದನ್ನೇ ಹೇಳಿದ. ಹಿಂದಿನ ಮೇಜಿನಲ್ಲಿ ಒಬ್ಬ ಮುದುಕ, ಹೌದು ಹೌದು ಎಂದು ತಲೆಯಾಡಿಸಿದ. ಅವನ ತಲೆಯ ಮೇಲೆ ಎಲೆಕೋಸಿನ ಪಾತ್ರೆ ಸುರಿಯಬೇಕು ಅನ್ನಿಸಿತು ನನಗೆ.

ಅತ್ತಿಗೆ ಕೋಟು ಹಾಕಿಕೊಂಡಳು. ಒಂದೊಂದೇ ಗುಂಡಿ ಹಾಕುತ್ತ ಹೇಳಿದಳು, ಜೋರಾಗಿಯೂ ಅಲ್ಲ. "ಅಪ್ಪ ಆಮೇಲೆ ಎಂಟು ವರ್ಷ ಬದುಕಿದ್ರು ಎಮಿಲ್. ಅದ್ರಲ್ಲಿ ಯಾವ ವರ್ಷ ನಿಂಗೆ ಬೇಡವಾಗಿತ್ತು? ಅದೊಂದು ಹೇಳ್ಬಿಡು, ನಾನು ಹೋಗ್ತೀನಿ."

ಅವಳು ಕಾದಳು. ಕೊನೆಗೆ ಅವಳು ನನ್ನ ತೋಳು ಹಿಡಿದು ಬಾಗಿಲ ಕಡೆ ನಡೆದಳು. ಎಮಿಲ್ ಮೈಕನ್ನು ಇನ್ನೂ ಬಾಯಿಯ ಹತ್ತಿರವೇ ಹಿಡಿದುಕೊಂಡಿದ್ದ. ನಾವು ಹೊರಗಿನ ಮೆಟ್ಟಿಲು ಇಳಿಯುವ ತನಕ ಅವನ ಉಸಿರಾಟ ಇಡೀ ಸಭಾಂಗಣಕ್ಕೆ ಕೇಳುತ್ತಿತ್ತು.